ಗಿರಿಜತ್ತೆಯ ಬಾಯಿಲೆಕ್ಕ

ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯ ಮೇಲಿಟ್ಟು ಕೈ ಬಿಡದೆ ತಿರುಗಿಸುತ್ತ ಹೋದರೆ, ಸ್ವಲ್ಪ ಹೊತ್ತಿಗೆ ಅದರ ಬಿಳುಪು ಹೋಗಿ ಮಸುಕು ಗಾಜಿನಂಥ ಒಂದು ಹೊಳಪು ಬರುತ್ತದೆ. ಆಗ ಏಳುವ ವಾಸನೆಗೆ ಹೆಸರಿಲ್ಲ. ಗಂಜಿಯ ವಾಸನೆಗೆ ಹತ್ತಿರ, ಆದರೆ ಗಂಜಿಯದಲ್ಲ. ಹಸಿವು ತರಿಸುವಂಥದಲ್ಲ, ಮುಖ ತಿರುಗಿಸುವಂಥದೂ ಅಲ್ಲ. ಹುಳ ಬೀಳದಿರಲೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ, ಆ ವಾಸನೆಯ ಅಂಚಿಗೆ ಹಳೆಯ ತಾಮ್ರದ ಪಾತ್ರೆಯ ಒಗರು ಬಂದು ಸೇರಿಕೊಳ್ಳುತ್ತದೆ. ಈ ಸಲ ಶಾಲೆ ಶುರುವಾದ ವಾರ ನಮ್ಮಲ್ಲಿ ಗೋಂದಿನ ಬಾಟಲಿ ಖಾಲಿಯಾಗಿತ್ತು. ಮೂರನೇ ತರಗತಿಯ ಗೋಡೆಗೆ ಅಂಕಿಗಳ ಚಾರ್ಟು ಅಂಟಿಸಬೇಕಿತ್ತು. ಬಿಸಿಯೂಟದ ಅಡುಗೆಯವರು ಒಲೆಯ ಮೂಲೆಯಲ್ಲಿ ಒಂದಿಷ್ಟು ಮೈದಾ ಕುದಿಸಿ ತಂದುಕೊಟ್ಟರು. ಪಾತ್ರೆ ಕೈಗೆ ಬಂದದ್ದೇ ನಾನು ಚಾರ್ಟನ್ನು ಮರೆತು ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟೆ. ಅದರಲ್ಲಿ ಮೈಲುತುತ್ತ ಇರಲಿಲ್ಲ; ಆದರೂ ನನ್ನ ಮೂಗು ಅದನ್ನು ತಾನಾಗಿ ಸೇರಿಸಿಕೊಂಡಿತು.

ಆ ವಾಸನೆ ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ನಮ್ಮ ಬಾಡಿಗೆ ಮನೆಯದು. ಅಪ್ಪ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದರು. ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ಒಂದು ಉದ್ದನೆಯ ಕೋಣೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಹಲಗೆಯ ಗೋಡೆ ಮಾತ್ರ. ಹಾಗಾಗಿ ಅಮ್ಮನ ಒಗ್ಗರಣೆಯ ಸದ್ದು ಗಿರಾಕಿಗಳಿಗೆ ಕೇಳುತ್ತಿತ್ತು, ಗಿರಾಕಿಗಳ ಮಾತೆಲ್ಲ ನಮಗೆ ಕೇಳುತ್ತಿತ್ತು. ಲೈಬ್ರರಿಯ ಹರಿದ ಕಾದಂಬರಿಗಳು, ಶಾಲೆಗಳ ಹಾಜರಿ ಪುಸ್ತಕಗಳು, ವಕೀಲರ ದಪ್ಪ ದಪ್ಪ ಗ್ರಂಥಗಳು ಎಲ್ಲವೂ ಬೆನ್ನು ಮುರಿದುಕೊಂಡು ನಮ್ಮ ಮನೆಗೆ ಬರುತ್ತಿದ್ದವು. ರಟ್ಟು, ಬಟ್ಟೆ ಹಾಕಿಸಿಕೊಂಡು ನೆಟ್ಟಗೆ ನಿಂತು ಹೋಗುತ್ತಿದ್ದವು. ಮಂಚದ ಕೆಳಗೆ, ಅಕ್ಕಿ ಡಬ್ಬದ ಮೇಲೆ, ಕಿಟಕಿಯ ಅಂಚಿನಲ್ಲಿ ಎಲ್ಲಿ ನೋಡಿದರೂ ಕಾಗದ. ನಾನೂ ನನ್ನ ತಮ್ಮ ರವಿಯೂ ಬೇರೆಯವರ ಪುಸ್ತಕಗಳ ಮಧ್ಯೆಯೇ ಬೆಳೆದೆವು. ನಮ್ಮದು ಅಂತ ಒಂದು ಪುಸ್ತಕವೂ ಇರಲಿಲ್ಲ.

ಹೊಲಿಗೆಯ ಕೆಲಸ ಗಿರಿಜತ್ತೆಯದು. ಅಪ್ಪನ ತಂಗಿ, ಅವರಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಅವರ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದಾಗ ಅತ್ತೆ ಆರನೇ ಕ್ಲಾಸಿನಲ್ಲಿದ್ದಳಂತೆ. ಒಂದು ಲಾರಿಯಲ್ಲಿ ಹಿಡಿಸಿದಷ್ಟು ಸಾಮಾನು ತುಂಬಿಕೊಂಡು ಅಜ್ಜ ಸಾಗರಕ್ಕೆ ಬಂದಿದ್ದರು. ಬಂದ ಮೇಲೆ ಅಜ್ಜನಿಗೆ ಕಾಯಿಲೆಯಾಯಿತು. ಅಪ್ಪ ಬೈಂಡಿಂಗ್ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಹೋದರು, ಮನೆಯಲ್ಲಿ ಹೊಲಿದುಕೊಡಲು ಅತ್ತೆ ಕೂತಳು. ಆರನೇ ಕ್ಲಾಸಿನ ನಂತರ ಮತ್ತೆ ಶಾಲೆಯ ಮಾತು ಯಾರೂ ಎತ್ತಲಿಲ್ಲ. ಮುಂದೆ ಹೊಸನಗರದ ಕಡೆಗೆ ಮದುವೆ ಮಾಡಿಕೊಟ್ಟರು. ಎರಡನೇ ವರ್ಷದಲ್ಲಿ ಗಂಡ ತೀರಿಕೊಂಡು ವಾಪಸು ಬಂದಳು. ಇದನ್ನೆಲ್ಲ ನನಗೆ ಹೇಳಿದ್ದು ಅಮ್ಮ. ಅತ್ತೆ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು, ತಮ್ಮ ಊರಿನ ಶಾಲೆಯ ಮೇಷ್ಟ್ರು ಗುಡ್ಡ ಹತ್ತುವಾಗ ಮಕ್ಕಳಿಗೆ ಲೆಕ್ಕ ಕೇಳುತ್ತಿದ್ದರು, ಅದಕ್ಕೇ ಏದುಸಿರಿಲ್ಲದೆ ಲೆಕ್ಕ ಹೇಳಲು ತನಗೆ ಇಂದಿಗೂ ಬರುವುದಿಲ್ಲ ಎಂದು. ಹೇಳಿ ತಾನೇ ನಗುತ್ತಿದ್ದಳು. ನಕ್ಕಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಆಗೆಲ್ಲ ಲೈಬ್ರರಿಯವರು ಮಾಸಪತ್ರಿಕೆಗಳನ್ನು ಎಸೆಯುತ್ತಿರಲಿಲ್ಲ. ಆರಾರು ತಿಂಗಳ ಸಂಚಿಕೆಗಳನ್ನು ಸೇರಿಸಿ ಒಂದೊಂದು ದಪ್ಪ ಪುಸ್ತಕವಾಗಿ ಕಟ್ಟಿಸುತ್ತಿದ್ದರು. ಒಟ್ಟು ಪುಟ ಆರುನೂರು ದಾಟಿದರೆ ಬೆನ್ನು ತಡೆಯುವುದಿಲ್ಲ, ಎರಡು ಭಾಗ ಮಾಡಬೇಕು ಎಂಬುದು ಅಪ್ಪನ ನಿಯಮ. ಒಂದು ತಿಂಗಳ ಸಂಚಿಕೆಯಷ್ಟು ಇನ್ನೊಂದು ತಿಂಗಳದ್ದು ಇರುತ್ತಿರಲಿಲ್ಲ. ಹಬ್ಬದ ತಿಂಗಳು ದಪ್ಪ, ಮಳೆಗಾಲದಲ್ಲಿ ತೆಳು. ಆದ್ದರಿಂದ ಹೊಲಿಯುವ ಮುಂಚೆ ಪುಟಗಳನ್ನು ಕೂಡಿ ನೋಡಲೇಬೇಕಿತ್ತು. ಅತ್ತೆಯ ಎರಡೂ ಕೈಯಲ್ಲಿ ಸೂಜಿ, ಮೇಣ ಹಚ್ಚಿದ ದಾರ, ಅಂಟು. ಪೆನ್ಸಿಲ್ ಹಿಡಿದರೆ ಪೆನ್ಸಿಲ್ಲೇ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಅವಳು ಬಾಯಲ್ಲೇ ಕೂಡುತ್ತಿದ್ದಳು. ನಾನು ಮೂರನೇ ಕ್ಲಾಸಿಗೆ ಬಂದಾಗ ಸಂಚಿಕೆಗಳ ಕೊನೆಯ ಪುಟ ತೆಗೆದು ಸಂಖ್ಯೆ ಓದಿ ಹೇಳುವ ಕೆಲಸ ನನಗೆ ಬಂತು. ಓದಿ ಹೇಳಿ ಸುಮ್ಮನಿರುವುದು ನನ್ನಿಂದಾಗುತ್ತಿರಲಿಲ್ಲ. ಅವಳು ಹೇಗೆ ಅಷ್ಟು ಬೇಗ ಹೇಳುತ್ತಾಳೆ ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದೆ.

ಮೊದಲ ದಿನದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ಸಂಚಿಕೆ ಎಂಬತ್ನಾಲ್ಕು ಪುಟ, ಎರಡನೆಯದು ತೊಂಬತ್ತಾರು. ನಾನು ಬೆರಳು ಮಡಚಲು ಶುರುಮಾಡಿದೆ.

“ಬೆರಳು ಬಿಡೇ,” ಎಂದಳು ಅತ್ತೆ. “ತೊಂಬತ್ತಾರು ನೂರಾಗಕ್ಕೆ ಎಷ್ಟು ಬೇಕು?”

“ನಾಲ್ಕು.”

“ಎಂಬತ್ನಾಲ್ಕರ ಹತ್ರ ಅದನ್ನ ಇಸ್ಕೋ. ಈಗ ಅದರ ಹತ್ರ ಎಷ್ಟು ಉಳೀತು?”

“ಎಂಬತ್ತು.”

“ಮತ್ತೆಂತ? ಒಂದು ನೂರು, ಒಂದು ಎಂಬತ್ತು. ಆಯ್ತಲ್ಲ.”

ಮುಂದಿನದು ನೂರಾ ಹನ್ನೆರಡು. ಅದರ ನೂರನ್ನು ಮೊದಲು ಹಾಕಿಸಿದಳು, ಆಮೇಲೆ ಹನ್ನೆರಡು. ಇನ್ನೂರಾ ತೊಂಬತ್ತೆರಡಾಯಿತು. ಅದರ ಮೇಲೆ ಎಂಬತ್ತೆಂಟು ಬಂದಾಗ ನಾನೇ ಎಂಟನ್ನು ಕಿತ್ತು ಮುನ್ನೂರು ತುಂಬಿಸಿ, ಮುನ್ನೂರಾ ಎಂಬತ್ತು ಎಂದು ಕೂಗಿದೆ. ನೂರಾ ನಾಲ್ಕು ಸೇರಿಸಿ ನಾನೂರಾ ಎಂಬತ್ನಾಲ್ಕು. ಕೊನೆಯದು ನೂರಾ ಇಪ್ಪತ್ತೆಂಟು. ಅಲ್ಲಿ ಬಹಳ ಹೊತ್ತು ನಿಂತೆ. ಅತ್ತೆ ಅವಸರ ಮಾಡಲಿಲ್ಲ. ಸೂಜಿ ಕಾಗದದೊಳಗೆ ಹೋಗಿ ಬರುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಐನೂರಕ್ಕೆ ಹದಿನಾರು ಬೇಕು, ಇಪ್ಪತ್ತೆಂಟರಲ್ಲಿ ಹದಿನಾರು ಹೋದರೆ ಹನ್ನೆರಡು, ಒಂದು ನೂರು ಹಾಗೇ ಇದೆ, ಆರುನೂರಾ ಹನ್ನೆರಡು. ಅತ್ತೆ ಅಂಗಡಿಯ ಕಡೆ ತಿರುಗಿ, “ಅಣ್ಣಾ, ಆರುನೂರು ದಾಟ್ತು, ಎರಡು ಮಾಡು,” ಎಂದಳು. ಅಪ್ಪ ಎರಡು ಜೊತೆ ರಟ್ಟು ಕೊಯ್ದರು. ನನ್ನ ಬಾಯಿಂದ ಹೊರಟ ಒಂದು ಸಂಖ್ಯೆ ನಂಬಿ ದೊಡ್ಡವರೊಬ್ಬರು ರಟ್ಟಿಗೆ ಕತ್ತರಿ ಹಾಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆಮೇಲೆ ಸುಮಾರು ಒಂದೂವರೆ ವರ್ಷ ದಿನವೂ ಇದೇ ಆಟ. ಅತ್ತೆಯ ಪಾಠದಲ್ಲಿ ನಿಯಮಗಳು ಜಾಸ್ತಿ ಇರಲಿಲ್ಲ. ದೊಡ್ಡ ತುದಿಯಿಂದ ಹಿಡಿ, ನೂರು ಮೊದಲು, ಹತ್ತು ಆಮೇಲೆ, ಬಿಡಿ ಕೊನೆಗೆ. ಒಂದು ಸಂಖ್ಯೆಯನ್ನು ಬಾಯಲ್ಲಿ ಇಟ್ಟುಕೋ, ಇನ್ನೊಂದನ್ನು ಕಿವಿಯಲ್ಲಿ ಇಟ್ಟುಕೋ ಎನ್ನುತ್ತಿದ್ದಳು. ಕಿವಿಯಲ್ಲಿ ಇಟ್ಟುಕೊಳ್ಳುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ವಿವರಿಸಲು ಬರುವುದಿಲ್ಲ. ಮಾಡಲು ಮಾತ್ರ ಬರುತ್ತದೆ. ಉತ್ತರ ತಪ್ಪಾದರೆ ತಪ್ಪು ಎನ್ನುತ್ತಿರಲಿಲ್ಲ, ಸರಿಯಾದರೆ ಶಭಾಷ್ ಎನ್ನುತ್ತಿರಲಿಲ್ಲ. ಎರಡಕ್ಕೂ ಕೇಳುತ್ತಿದ್ದದ್ದು ಒಂದೇ, “ಹೇಗೆ ಬಂತು ಹೇಳು.” ಹೇಳುತ್ತ ಹೇಳುತ್ತ ನನ್ನ ತಪ್ಪು ನನಗೇ ಸಿಕ್ಕುತ್ತಿತ್ತು. ರವಿಗೆ ಇದರಲ್ಲೆಲ್ಲ ಮನಸ್ಸಿರಲಿಲ್ಲ, ಅವನು ಕಾಗದದ ಚೂರುಗಳನ್ನು ರಾಶಿ ಮಾಡಿ ಅದರ ಮೇಲೆ ಮಲಗುತ್ತಿದ್ದ.

ನಾಲ್ಕನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹತ್ತು ಕೂಡುವ ಲೆಕ್ಕ ಕೊಟ್ಟಿದ್ದರು. ಎಲ್ಲವೂ ಮೂರಂಕಿಯವು. ನಾನು ಲೆಕ್ಕ ಇಳಿಸಿಕೊಂಡು ಕೆಳಗೆ ಉತ್ತರ ಬರೆದೆ, ಅಷ್ಟೆ. ಮೇಲೆ ದಶಕದ ಒಂದು ಬರೆಯುವುದು, ಅದನ್ನು ಹೊಡೆದುಹಾಕುವುದು ಯಾವುದೂ ಇಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ರೇಣುಕಾ, ನನ್ನ ಗೆಳತಿ, ನಮ್ಮ ಬೀದಿಯವಳೇ. ಅವಳ ಕಾಗದದಲ್ಲಿ ದಶಕದ ಅಂಕಿಗಳೆಲ್ಲ ಅಚ್ಚುಕಟ್ಟಾಗಿದ್ದವು. ಏಳನೇ ಲೆಕ್ಕ ನಾನೂರಾ ಅರವತ್ತೇಳು ಮತ್ತು ಮುನ್ನೂರಾ ಐವತ್ತೆಂಟು. ನಾನು ಎಂಟುನೂರಾ ಹದಿನೈದು ಎಂದು ಬರೆದಿದ್ದೆ, ಅದು ತಪ್ಪು. ರೇಣುಕಳದ್ದೂ ಅದೇ ತಪ್ಪು. ನಮ್ಮ ಕ್ಲಾಸಿನ ಮಂಜಪ್ಪ ಮೇಷ್ಟ್ರು ಎರಡೂ ಕಾಗದಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಲೆಕ್ಕ ಮಾಡಿದ ಗುರುತಿರುವವಳು ಮಾಡಿದವಳು, ಗುರುತಿಲ್ಲದವಳು ನೋಡಿ ಬರೆದವಳು ಎಂದು ತೀರ್ಮಾನಿಸಿದರು. ಅವರನ್ನು ಕೆಟ್ಟವರೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ನಾನೂ ಕಾಗದ ತಿದ್ದಿದ್ದೇನೆ, ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ನನಗೆ ಸೊನ್ನೆ ಹಾಕಿ, ಕ್ಲಾಸಿನ ಬಾಗಿಲ ಹತ್ತಿರ ನಿಲ್ಲಿಸಿದರು. ರೇಣುಕಾ ತಲೆ ಎತ್ತಲಿಲ್ಲ. ಅವಳು ನನ್ನದನ್ನು ನೋಡಿ ಬರೆದು, ಆಮೇಲೆ ಮೇಲೆ ಅಂಕಿ ಇಟ್ಟಿದ್ದಳೆಂದು ನನಗೆ ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ.

ಕಾಗದಕ್ಕೆ ಮನೆಯಲ್ಲಿ ಸಹಿ ಹಾಕಿಸಬೇಕಿತ್ತು. ಅಪ್ಪ ಸೊನ್ನೆಯನ್ನೂ, ರೇಣುಕಳದ್ದು ನೋಡಿ ಬರೆದದ್ದು ಎಂದು ಪಕ್ಕದಲ್ಲಿ ಮೇಷ್ಟ್ರು ಬರೆದದ್ದನ್ನೂ ನೋಡಿ ಅತ್ತೆಗೆ ಕೊಟ್ಟರು. ಅತ್ತೆ ಕೈ ಒರೆಸಿಕೊಂಡು ಹತ್ತೂ ಲೆಕ್ಕಗಳನ್ನು ನೋಡಿದಳು. ಏಳನೆಯದರ ಮೇಲೆ ಬೆರಳಿಟ್ಟು, “ಇದು ಹೇಗೆ ಬಂತು?” ಎಂದಳು. ನಾನು ಅಳುತ್ತ ಹೇಳಿದೆ. ನಾನೂರು, ಮುನ್ನೂರು, ಏಳುನೂರು. ಅರವತ್ತು, ಐವತ್ತು, ನೂರಾ ಹತ್ತು, ಎಂಟುನೂರಾ ಹತ್ತು. ಏಳು ಎಂಟು ಹದಿನೈದು. ಅಲ್ಲಿಗೆ ಬಂದಾಗ ನನಗೇ ತಿಳಿಯಿತು. ಐದನ್ನು ಹಾಕಿ ಹತ್ತನ್ನು ಬಿಟ್ಟಿದ್ದೆ.

“ಹೌದಾ, ಹತ್ತು ದಾರೀಲಿ ಬಿದ್ದೋಯ್ತು,” ಎಂದಳು ಅತ್ತೆ. ಆಮೇಲೆ ಅಪ್ಪನಿಗೆ, “ಅಣ್ಣಾ, ಇದು ಇವಳದ್ದೇ ತಪ್ಪು. ಬೇರೆಯವರಿಂದ ತಂದಿದ್ದಲ್ಲ. ನಾಳೆ ನಾನು ಶಾಲೆಗೆ ಹೋಗಿ ಬರ್ತೀನಿ,” ಎಂದಳು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಅತ್ತೆ ಹಗಲು ಹೊತ್ತು ಮನೆಯಿಂದ ಹೊರಗೆ ಹೋಗುತ್ತಿದ್ದದ್ದೇ ಅಪರೂಪ. ದೇವಸ್ಥಾನಕ್ಕೆ ಹೋದರೂ ಬೆಳಗಿನ ಜಾವ ಹೋಗಿ ಬಂದುಬಿಡುತ್ತಿದ್ದಳು.

ಮಾರನೇ ದಿನ ಅವಳು ಅಮ್ಮನ ನೀಲಿ ಅಂಚಿನ ಸೀರೆ ಉಟ್ಟು ಬಂದಳು. ಉಗುರಿನ ಸಂದಿಯಲ್ಲಿ ಅಂಟು ಒಣಗಿ ಬೆಳ್ಳಗಾಗಿತ್ತು. ಕ್ಲಾಸಿನ ಬಾಗಿಲಲ್ಲಿ ನಿಂತು, ಚಪ್ಪಲಿ ಹೊರಗೆ ಬಿಟ್ಟು, ಮಂಜಪ್ಪ ಮೇಷ್ಟ್ರಿಗೆ ನಮಸ್ಕಾರ ಮಾಡಿ, “ಇವಳು ಬಾಯಲ್ಲೇ ಕೂಡ್ತಾಳೆ ಮೇಷ್ಟ್ರೇ. ನಾನೇ ಕಲ್ಸಿದ್ದು. ಬೇಕಾದ್ರೆ ಎಂತದಾದ್ರೂ ಕೇಳಿ ನೋಡಿ,” ಎಂದಳು. ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಎರಡು ಸಂಖ್ಯೆ ಹೇಳಿದರು. ಯಾವ ಸಂಖ್ಯೆಗಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಅವು ನನ್ನೊಳಗೆ ಹೋಗಲೇ ಇಲ್ಲ. ನಲವತ್ತು ಮಕ್ಕಳು ನನ್ನ ಕಡೆ ತಿರುಗಿದ್ದರು. ಬಾಯಿ ಒಣಗಿತು, ಕಿವಿಯಲ್ಲಿ ಗುಂಯ್ ಎನ್ನುವುದೊಂದೇ. ಮೇಷ್ಟ್ರು ಇನ್ನೊಮ್ಮೆ ಹೇಳಿದರು, ಆಮೇಲೆ ಸುಲಭದ್ದೊಂದು ಕೇಳಿದರು. ಅದೂ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ತಾನು ಉತ್ತರ ಹೇಳಬಹುದಿತ್ತು, ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು, “ಇವತ್ತು ಬರ್ತಿಲ್ಲ ಅವಳಿಗೆ. ತೊಂದ್ರೆ ಕೊಟ್ಟೆ ಮೇಷ್ಟ್ರೇ,” ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಟದ ಬಯಲನ್ನು ದಾಟಿ ಅವಳು ಹೋಗುವುದು ಕಿಟಕಿಯಿಂದ ನನಗೆ ಪೂರ್ತಿ ಕಾಣುತ್ತಿತ್ತು. ಅವಳು ಒಂದು ಸಲವೂ ಅವಸರದಿಂದ ಹೆಜ್ಜೆ ಹಾಕಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

ಮನೆಯಲ್ಲಿ ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆದರೆ ಮರುದಿನದಿಂದ ಸಂಚಿಕೆಗಳ ಕೊನೆಯ ಪುಟ ತೆಗೆಯಲು ನನ್ನನ್ನು ಕರೆಯುವುದು ನಿಂತಿತು. ತಾನೇ ಮೊಣಕೈಯಿಂದ ಹಾಳೆ ಸರಿಸಿ ನೋಡಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಗಬಾರದು ಎಂದು ಹಾಗೆ ಮಾಡಿದಳೆಂದು ಈಗ ಅನಿಸುತ್ತದೆ. ಆಗ ಮಾತ್ರ ಅವಳಿಗೆ ನನ್ನ ಮೇಲೆ ನಂಬಿಕೆ ಹೋಯಿತು ಎಂದೇ ತಿಳಿದಿದ್ದೆ. ನಾನು ಶಾಲೆಯ ಲೆಕ್ಕಗಳಿಗೆಲ್ಲ ದಶಕದ ಅಂಕಿ ಬರೆಯಲು ಶುರುಮಾಡಿದೆ. ಉತ್ತರ ಮೊದಲೇ ಗೊತ್ತಿದ್ದರೂ ಬಲಗಡೆಯಿಂದ ಒಂದೊಂದೇ ಅಂಕಿ ಇಳಿಸುತ್ತ, ಮೇಲೆ ಒಂದು ಬರೆದು ಹೊಡೆಯುತ್ತ ಹೋಗುತ್ತಿದ್ದೆ. ಮೇಷ್ಟ್ರು ಸರಿ ಗುರುತು ಹಾಕುತ್ತಿದ್ದರು.

ಹೀಗೆ ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಸಂಜೆ ಮಂಜಪ್ಪ ಮೇಷ್ಟ್ರು ಶಾಲೆಯ ಹಳೆಯ ಪುಸ್ತಕಗಳ ಕಟ್ಟು ಹಿಡಿದು ಅಂಗಡಿಗೆ ಬಂದರು. ಅಪ್ಪ ಬೆಂಚು ತೋರಿಸಿದರು, ಅಮ್ಮ ಕಾಫಿ ಕಳಿಸಿದರು. ಹಲಗೆ ಗೋಡೆಯ ಈಚೆ ನಾನು ಬೋರಲಾಗಿ ಮಲಗಿ ಕನ್ನಡ ಕಾಪಿ ಬರೆಯುತ್ತಿದ್ದೆ. ಮೇಷ್ಟ್ರ ದನಿ ಕೇಳಿ ಇನ್ನಷ್ಟು ಕೆಳಗೆ ಸರಿದೆ. ಅತ್ತೆಯೂ ಈಚೆಗೇ ಕೂತು ತನ್ನ ಪಾಡಿಗೆ ಹೊಲಿಗೆಗೆ ಸಂಚಿಕೆ ಜೋಡಿಸುತ್ತ ಸಣ್ಣ ದನಿಯಲ್ಲಿ ಕೂಡುತ್ತಿದ್ದಳು. “ಮುನ್ನೂರಾ ಎಂಬತ್ತಾರು, ಅದಕ್ಕೊಂದು ನೂರಾ ನಲವತ್ತೆಂಟು...” ಅಷ್ಟರಲ್ಲಿ ದಾರ ಪಟ್ ಎಂದು ತುಂಡಾಯಿತು. ಅವಳು ದಾರದ ತುದಿ ಹುಡುಕುತ್ತ, “ಥೋ, ಎಲ್ಲಿದ್ದೆ ನಾನು,” ಎಂದಳು. ಕಾಪಿಯಿಂದ ತಲೆ ಎತ್ತದೆ ನಾನು, “ಐನೂರಾ ಮೂವತ್ನಾಲ್ಕು ಅತ್ತೆ,” ಎಂದುಬಿಟ್ಟೆ. ಬಾಯಿಂದ ಬಂದ ಮೇಲೇ ನನಗೆ ಗೊತ್ತಾದದ್ದು.

ಅಂಗಡಿಯಲ್ಲಿ ಮಾತು ನಿಂತಿತು. ಕಾಫಿ ಲೋಟ ಬೆಂಚಿನ ಮೇಲೆ ಇಟ್ಟ ಸದ್ದಾಯಿತು. ಮೇಷ್ಟ್ರು ಎದ್ದು ಬರುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಬರಲಿಲ್ಲ. ಕೂತಲ್ಲಿಂದಲೇ ಕೇಳಿದರು, “ಸುಧಾ, ನಾನೂರಾ ಅರವತ್ತೇಳಕ್ಕೆ ಮುನ್ನೂರಾ ಐವತ್ತೆಂಟು?”

ಗೋಡೆ ಮಧ್ಯೆ ಇತ್ತು, ಅಂಗಡಿಯಲ್ಲಿದ್ದವರು ಯಾರೂ ನನಗೆ ಕಾಣುತ್ತಿರಲಿಲ್ಲ. “ಎಂಟುನೂರಾ ಇಪ್ಪತ್ತೈದು ಸಾರ್,” ಎಂದೆ.

ಮೇಷ್ಟ್ರು ಅತ್ತೆಗೆ, “ತಪ್ಪು ನಂದಾಯ್ತು ತಾಯಿ. ಅವತ್ತು ನೀವು ಬಂದಾಗ ನಾನು ಎಲ್ಲರ ಎದುರಿಗೆ ಕೇಳಬಾರದಿತ್ತು,” ಎಂದರು. ಅತ್ತೆ ಸೂಜಿಗೆ ಹೊಸ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಹೋಯಿತು. ಮಾರನೇ ದಿನ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರಿಗೂ ಕಾಣುವಂತೆ ನನ್ನ ಸೊನ್ನೆ ಹೊಡೆದುಹಾಕಿ ಒಂಬತ್ತು ಬರೆದರು. ರೇಣುಕಳನ್ನು ಅವರು ಏನೂ ಕೇಳಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಮೇಷ್ಟ್ರ ದೊಡ್ಡತನ ಇದ್ದದ್ದು ಅದರಲ್ಲಿ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಆ ವಾರವೇ ಮೇಷ್ಟ್ರು ಮತ್ತೆ ಬಂದು ಅಪ್ಪನನ್ನು ಒಂದು ಮಾತು ಕೇಳಿದರು. ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಒಂದು ಗಂಟೆ ನಿಮ್ಮ ತಂಗಿ ಬಂದು ಮೂರು, ನಾಲ್ಕನೇ ಕ್ಲಾಸಿಗೆ ಬಾಯಿಲೆಕ್ಕ ಹೇಳಿಕೊಡಬಹುದೇ ಎಂದು. ಅಪ್ಪ ಅತ್ತೆಯ ಮುಖ ನೋಡಿದರು. “ನಂಗೆ ಬೋರ್ಡಲ್ಲಿ ಬರೆಯಕ್ಕೆ ಬರಲ್ಲ,” ಎಂದಳು ಅತ್ತೆ. “ಬರೀಬೇಡಿ, ಅದಕ್ಕೇ ಕರೀತಿರೋದು,” ಎಂದರು ಮೇಷ್ಟ್ರು.

ಸುಮಾರು ಒಂದು ವರ್ಷ ಅವಳು ಹೋದಳು. ಶುಕ್ರವಾರ ಸಂಜೆಯೇ ಬಿಸಿನೀರಲ್ಲಿ ಕೈ ನೆನೆಸಿ, ಉಗುರಿನ ಅಂಟನ್ನೆಲ್ಲ ಕಡ್ಡಿಯಿಂದ ತೆಗೆಯುತ್ತಿದ್ದಳು. ಕ್ಲಾಸಿನಲ್ಲಿ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಎಲ್ಲರೂ ತಮ್ಮ ತಮ್ಮ ಪಠ್ಯಪುಸ್ತಕ ತೆರೆದು ಕೊನೆಯ ಪುಟ ನೋಡಬೇಕು. ಕನ್ನಡ ಎಷ್ಟು, ಗಣಿತ ಎಷ್ಟು, ಎರಡೂ ಸೇರಿಸಿದರೆ ಎಷ್ಟು, ಅಣ್ಣನ ವಿಜ್ಞಾನದ ಪುಸ್ತಕವನ್ನೂ ಚೀಲಕ್ಕೆ ಹಾಕಿದರೆ ಎಷ್ಟಾಗುತ್ತದೆ. ಕಣ್ಣು ಮುಚ್ಚಿಕೊಂಡು ಹೇಳಬೇಕು, ಆಗ ಬೇರೆಯವರು ನೋಡುತ್ತಿದ್ದಾರೆ ಎಂದು ಅನಿಸುವುದಿಲ್ಲ. ಈ ಕಣ್ಣು ಮುಚ್ಚುವ ನಿಯಮ ಮನೆಯಲ್ಲಿ ಇರಲಿಲ್ಲ. ನನ್ನ ಸಲುವಾಗಿ ಅದನ್ನು ಸೇರಿಸಿದ್ದಳು. ಉತ್ತರ ಹೇಳಿದ ಮೇಲೆ ಅದು ಹೇಗೆ ಬಂತೆಂದು ಹೇಳಬೇಕು. ಒಬ್ಬ ನೂರು ತುಂಬಿಸಿಕೊಂಡು ಬಂದಿದ್ದರೆ ಇನ್ನೊಬ್ಬಳು ಹತ್ತುಗಳನ್ನು ಜಿಗಿದುಕೊಂಡು ಬಂದಿರುತ್ತಿದ್ದಳು. ಅತ್ತೆ ಎಲ್ಲವನ್ನೂ ಬಾಯಿ ತೆರೆದು ಕೇಳುತ್ತಿದ್ದಳು. ತನಗೆ ಗೊತ್ತಿಲ್ಲದ ದಾರಿಯೊಂದನ್ನು ಯಾವ ಮಗುವಾದರೂ ಹೇಳಿದರೆ, ಮನೆಗೆ ಬಂದು ಊಟಕ್ಕೆ ಕೂರುವ ಮುಂಚೆ ಅಪ್ಪನಿಗೆ ಹೇಳಬೇಕು.

ಒಂದು ಶನಿವಾರ ರೇಣುಕಾ ನೂರಾ ತೊಂಬತ್ತೊಂಬತ್ತು ಮತ್ತು ಇನ್ನೂರಾ ಮೂವತ್ತಾರನ್ನು ಕೂಡಿದಳು. ಇನ್ನೂರು, ಇನ್ನೂರಾ ಮೂವತ್ತಾರು ಸೇರಿ ನಾನೂರಾ ಮೂವತ್ತಾರು, ಅದರಲ್ಲಿ ಒಂದು ವಾಪಸು ಕೊಟ್ಟೆ ಎಂದಳು. ಅತ್ತೆ ಅವಳ ತಲೆ ಮುಟ್ಟಿ, “ಇದು ನಿಂದೇ ದಾರಿ ಕಣೇ, ನಮ್ಮದಕ್ಕಿಂತ ಹತ್ರ,” ಎಂದಳು. ಅವತ್ತು ಮನೆಗೆ ಬರುವಾಗ ರೇಣುಕಾ ಬಾವಿಕಟ್ಟೆಯ ಹತ್ತಿರ ನಿಂತು, “ಸುಧಾ, ಪರೀಕ್ಷೇಲಿ ನಾನೇ ನೋಡಿ ಬರ್ದಿದ್ದು,” ಎಂದಳು. ಗೊತ್ತಿತ್ತು ಎಂದೆ. “ನಿಮ್ಮತ್ತೆಗೂ ಗೊತ್ತಾ?” ಎಂದು ಕೇಳಿದಳು. ನಾನು ಹೇಳಿರಲಿಲ್ಲ. ಆದರೆ ಏಳನೇ ಲೆಕ್ಕದ ಮೇಲೆ ಬೆರಳಿಟ್ಟ ದಿನವೇ ಅತ್ತೆಗೆ ಎಲ್ಲವೂ ತಿಳಿದಿತ್ತು ಎಂದು ನನ್ನ ಲೆಕ್ಕಾಚಾರ. ರೇಣುಕಳಿಗೆ ಹಾಗೆ ಹೇಳಲಿಲ್ಲ, ಇಲ್ಲ ಎಂದೆ. ನಾನು ಬೇಕೆಂದೇ ಹೇಳಿದ ಸುಳ್ಳುಗಳಲ್ಲಿ ಅದೊಂದರ ಬಗ್ಗೆ ನನಗೆ ಬೇಸರವಿಲ್ಲ.

ಮುಂದಿನ ವರ್ಷ ಮಂಜಪ್ಪ ಮೇಷ್ಟ್ರಿಗೆ ತೀರ್ಥಹಳ್ಳಿ ಕಡೆಗೆ ವರ್ಗವಾಯಿತು. ಅವರು ಹೋದ ಕೆಲವು ವಾರಕ್ಕೆ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ನೆಲದ ಮೇಲೆ ಕೂತ ಹೆಂಗಸನ್ನು ನೋಡಿ ಯಾರೆಂದು ವಿಚಾರಿಸಿದರು. ಅವರು ಒರಟಾಗಿ ಮಾತಾಡಲಿಲ್ಲ. ಎಷ್ಟು ಓದಿದ್ದೀರಿ, ಒಂದು ಕಾಗದ ತಂದುಕೊಡಿ, ಕಡತದಲ್ಲಿ ಇರಬೇಕಾಗುತ್ತದೆ ಎಂದರು. ಅತ್ತೆಯ ಹತ್ತಿರ ಯಾವ ಕಾಗದವೂ ಇರಲಿಲ್ಲ. ಊರು ಬಿಡುವ ಗಡಿಬಿಡಿಯಲ್ಲಿ ಆರನೇ ಕ್ಲಾಸಿನ ಟಿ.ಸಿ. ತೆಗೆದುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಯಾರ್ಯಾರನ್ನೋ ಕೇಳಿದರು, ಆ ಶಾಲೆಯ ದಾಖಲೆ ಯಾವ ಶಾಲೆಗೆ ಹೋಯಿತೆಂದು ಹೇಳುವವರು ಸಿಗಲಿಲ್ಲ. ಸಾವಿರಾರು ಪುಸ್ತಕಗಳಿಗೆ ಬೆನ್ನು ಕಟ್ಟಿಕೊಟ್ಟ ಮನೆಯಲ್ಲಿ ಅವಳ ಹೆಸರಿನ ಒಂದು ಹಾಳೆ ಇರಲಿಲ್ಲ. ಆ ಶನಿವಾರ ಅವಳು ಎದ್ದು ಎಂದಿನಂತೆ ಮೈದಾ ಕದಡಿದಳು. ಅಮ್ಮ ಏನೋ ಹೇಳಲು ಹೋದಾಗ, “ಬಿಡಿ ಅತ್ತಿಗೆ, ಒಂದು ವರ್ಷ ಸಿಕ್ತಲ್ಲ,” ಎಂದಳು. ಅಷ್ಟೇ. ಶುಕ್ರವಾರ ಕೈ ನೆನೆಸುವುದನ್ನು ಮಾತ್ರ ಇನ್ನೂ ಕೆಲವು ವಾರ ಬಿಡಲಿಲ್ಲ.

ಆ ಮನೆ ಹೇಗೆ ಕರಗಿತು ಎಂದು ಬಹಳ ಹೇಳಬೇಕಾಗಿಲ್ಲ, ನಿಮಗೂ ಇಂಥದ್ದೊಂದು ಮನೆ ಗೊತ್ತಿದ್ದೀತು. ಲೈಬ್ರರಿಗೆ ಬರುವ ಪತ್ರಿಕೆಗಳು ಒಂದೊಂದಾಗಿ ನಿಂತವು, ನಿಲ್ಲದಿದ್ದವನ್ನು ಯಾರೂ ಕಟ್ಟಿಸಲಿಲ್ಲ. ಅಪ್ಪ ತೀರಿಕೊಂಡರು, ಎರಡು ವರ್ಷಕ್ಕೆ ಅಮ್ಮ. ಮನೆಯ ಮಾಲೀಕರು ಕಟ್ಟಡ ಕೆಡವಿ ಹೊಸದು ಕಟ್ಟಿದರು. ನಮ್ಮ ಬಾವಿ ಇದ್ದ ಜಾಗದಲ್ಲಿ ಈಗ ಬೈಕುಗಳನ್ನು ನಿಲ್ಲಿಸುತ್ತಾರೆ. ರವಿ ತೀರ್ಥಹಳ್ಳಿಯಲ್ಲಿ ಜೆರಾಕ್ಸ್, ಲ್ಯಾಮಿನೇಶನ್ ಅಂಗಡಿ ಇಟ್ಟ. ಅತ್ತೆ ಅವನ ಮನೆ ಸೇರಿದಳು. ನಾನು ಶಿಕ್ಷಕರ ತರಬೇತಿ ಮುಗಿಸಿ, ಕೆಲವು ಊರು ಸುತ್ತಿ, ಹುಂಚದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಬಂದೆ. ವಾಸ ಹೊಸನಗರದಲ್ಲಿ. ಶಾಲೆಯ ಎದುರಿನ ರಸ್ತೆಯಲ್ಲಿ ಈ ಕಡೆ ನಿಂತರೆ ಹೊಸನಗರದ ಬಸ್ಸು, ಆ ಕಡೆ ನಿಂತರೆ ತೀರ್ಥಹಳ್ಳಿಯದು. ಹೆಚ್ಚುಕಡಿಮೆ ಹನ್ನೊಂದು ವರ್ಷ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಆ ಕಡೆ ನಿಂತೆ. ಬಸ್ಸಿನವರಿಗೆಲ್ಲ ನನ್ನ ಗುರುತಿತ್ತು.

ಅತ್ತೆಗೆ ನಾನು ಬೇರೆ ಏನನ್ನೂ ಒಯ್ಯುವ ಅಗತ್ಯವಿರಲಿಲ್ಲ. ಮಂಡಿನೋವು, ಉಬ್ಬಸ, ಎರಡೂ ಕಣ್ಣಿನ ಆಪರೇಷನ್ ಎಲ್ಲ ಆಗಿದ್ದರೂ ನಾನು ಮೆಟ್ಟಿಲು ಹತ್ತುವುದರೊಳಗೆ, “ಈ ವಾರ ಯಾರು ಎಂತ ಹೇಳಿದ್ರೇ?” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಯಾವ ಹುಡುಗ ಎಪ್ಪತ್ತೈದನ್ನು ಮೂರು ಇಪ್ಪತ್ತೈದು ಮಾಡಿಕೊಂಡ, ಯಾವ ಹುಡುಗಿ ಹತ್ತನ್ನು ದಾರಿಯಲ್ಲಿ ಬೀಳಿಸಿಕೊಂಡಳು. ನೋಡದ ಮಕ್ಕಳ ಹೆಸರೆಲ್ಲ ಅವಳಿಗೆ ಗೊತ್ತಿತ್ತು. ಏಳನೇ ತರಗತಿ ಮುಗಿಸಿ ಹೋದವರ ಬಗ್ಗೆಯೂ ವಿಚಾರಿಸುತ್ತಿದ್ದಳು. ರವಿಯ ಹೆಂಡತಿ ನಗುತ್ತ, ನೀವಿಬ್ಬರೂ ಸೇರಿದರೆ ಮನೆಯಲ್ಲಿ ಪರೀಕ್ಷೆ ನಡೆದ ಹಾಗಿರುತ್ತದೆ ಎನ್ನುತ್ತಿದ್ದಳು. ಹೋದ ವರ್ಷ ದೀಪಾವಳಿ ಕಳೆದು ಹತ್ತು ದಿನಕ್ಕೆ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಅದು ನಿಜವೇ.

ಈಚೆಗೆ ನನ್ನ ಮೂರನೇ ತರಗತಿಯಲ್ಲಿ ಅರವತ್ತೇಳು ಮತ್ತು ಐವತ್ತೆಂಟನ್ನು ಕೂಡಲು ಹೇಳಿದ್ದೆ. ಶ್ರೇಯಾ ಎಂಬ ಹುಡುಗಿ, ಬಹಳ ಮಾತಾಡದವಳು, ನೂರಿಪ್ಪತ್ತೈದು ಎಂದಳು. ಅದನ್ನು ಹೇಗೆ ಮಾಡಿದೆ ಎಂದು ಕೇಳಿದೆ. “ಎರಡನ್ನೂ ಅರವತ್ತು ಅಂದ್ಕೊಂಡೆ ಟೀಚರ್, ನೂರಿಪ್ಪತ್ತಾಯ್ತು. ಒಂದ್ರಲ್ಲಿ ಏಳು ಜಾಸ್ತಿ ಇದೆ, ಇನ್ನೊಂದ್ರಲ್ಲಿ ಎರಡು ಕಮ್ಮಿ ಇದೆ. ಜಾಸ್ತಿ ಇದ್ದಿದ್ರಲ್ಲಿ ಎರಡು ಕಮ್ಮಿ ಇದ್ದಿದ್ದಕ್ಕೆ ಕೊಟ್ಟೆ, ಐದು ಉಳೀತು,” ಎಂದಳು. ಇಷ್ಟು ವರ್ಷದಲ್ಲಿ ಈ ದಾರಿಯಲ್ಲಿ ಬಂದ ಮಗುವನ್ನು ನಾನು ನೋಡಿರಲಿಲ್ಲ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿಸಿದೆ.

ಅವತ್ತು ಶನಿವಾರ. ಶಾಲೆ ಬಿಟ್ಟು, ಬೀಗ ಹಾಕಿ, ಮಕ್ಕಳ ಜೊತೆ ಮಾತಾಡುತ್ತ ರಸ್ತೆಗೆ ಬಂದೆ. ಬಸ್ಸಿನ ಹಾರ್ನ್ ಕೇಳಿ ತಲೆ ಎತ್ತಿದಾಗಲೇ ನಾನು ತೀರ್ಥಹಳ್ಳಿಯ ಕಡೆ ನಿಂತಿದ್ದೇನೆಂದು ತಿಳಿದದ್ದು. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ತೆರೆದು, “ಬಹಳ ದಿನ ಆಯ್ತಲ್ಲ ಮೇಡಂ, ಹತ್ತಿ,” ಎಂದರು. “ಇಲ್ಲ, ಹೋಗಿ ನೀವು,” ಎಂದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ರಸ್ತೆ ದಾಟಿ ಈಚೆ ಬಂದೆ.